ಕೌದಿಗೆ ಅಂಚುಪಟ್ಟಿ ಹಾಕುವುದು ಹೇಗೆ?

ಹಳೆಯ ಕೌದಿ ಎಲ್ಲಿ ಮೊದಲು ಹರಿಯುತ್ತದೆ ಎಂದು ತಿಳಿಯಬೇಕಾದರೆ ಮಾಳಿಗೆಯ ಮೇಲೆ ಒಣಹಾಕಿದ್ದನ್ನು ಒಮ್ಮೆ ತಿರುವಿ ನೋಡಿದರೆ ಸಾಕು. ನಡುವಿನ ಸಾಲು ಹೊಲಿಗೆ ಎಷ್ಟು ವರ್ಷದ್ದಾದರೂ ಮಿಸುಕಿರುವುದಿಲ್ಲ. ಅಂಚು ಮಾತ್ರ ಬಾಯಿ ಬಿಟ್ಟು ಒಳಗಿನ ಧೋತರದ ಚೂರು ಇಣುಕುತ್ತಿರುತ್ತದೆ. ಅದರಲ್ಲೂ ತಲೆಯ ಕಡೆಯ ಅಂಚು. ಹೊದ್ದುಕೊಳ್ಳುವಾಗ ಕೈ ಹಿಡಿದೆಳೆಯುವುದು ಅದನ್ನೇ, ಗದ್ದಕ್ಕೆ ಉಜ್ಜುವುದು ಅದೇ, ಒಗೆದು ಎತ್ತಿದಾಗ ನೀರಿನ ಭಾರಕ್ಕೆ ಜಗ್ಗುವುದೂ ಅದೇ. ಮಡಿಕೆಯ ತುದಿಯಲ್ಲಿ ತಿಕ್ಕಾಟವೆಲ್ಲ ಬಟ್ಟೆಯ ನಾಲ್ಕಾರು ಎಳೆಗಳ ಮೇಲೇ ಬೀಳುವುದರಿಂದ ಆ ಎಳೆ ಹೋದ ದಿನ ಅಂಚೂ ಹೋಯಿತು. ಹಾಗಾಗಿ ಅಂಚುಪಟ್ಟಿಯನ್ನು ಬರೀ ಅಲಂಕಾರ ಎಂದುಕೊಳ್ಳಬೇಡಿ. ಸವೆದಾಗ ಬದಲಿಸಬಹುದಾದ ಭಾಗ ಎಂದುಕೊಂಡೇ ಹೊಲಿಯಿರಿ. ಬಟ್ಟೆ ಯಾವುದು, ಅಗಲ ಎಷ್ಟು, ಹೊಲಿಗೆ ಎಂಥದು ಎಂಬುದೆಲ್ಲ ಆಮೇಲೆ ತಾನಾಗಿ ತೀರ್ಮಾನವಾಗುತ್ತದೆ.

ಇಲ್ಲಿ ಕೌದಿ ಎಂದಾಗ ನನ್ನ ಕಣ್ಣ ಮುಂದಿರುವುದು ಧಾರವಾಡ, ಗದಗ, ಬಾಗಲಕೋಟೆ ಕಡೆಯದು: ಹಳೆಯ ಸೀರೆ, ಧೋತರಗಳನ್ನು ನಾಲ್ಕೈದು ಪದರ ಹಾಸಿ, ಮೇಲೆ ತುಂಡು ಬಟ್ಟೆ ಕೂಡಿಸಿ, ಉದ್ದಕ್ಕೂ ಸಾಲು ಹೊಲಿಗೆ ಹಾಕಿದ್ದು. ನಡುವೆ ಹತ್ತಿಯ ಹಾಳೆ ಇಟ್ಟು ಹೊಲಿಯುವ ಪೇಟೆಯ ಕ್ವಿಲ್ಟಿಗೂ ಕ್ರಮ ಇದೇ, ದಪ್ಪದ ಲೆಕ್ಕ ಮಾತ್ರ ಬೇರೆ.

ಅಂಚಿಗೆ ಕೈ ಹಾಕುವ ಮುನ್ನ

ಹೊಲಿದು ಮುಗಿಯುವ ಹೊತ್ತಿಗೆ ಕೌದಿ ಸರಿಯಾದ ಆಯತವಾಗಿ ಉಳಿದಿರುವುದಿಲ್ಲ. ಹೊಲಿಗೆ ದಟ್ಟವಾದ ನಡುಭಾಗ ಒಳಕ್ಕೆ ಎಳೆದುಕೊಂಡಿರುತ್ತದೆ, ಅಂಚು ಸಡಿಲಾಗಿ ಅಲೆ ಎದ್ದಿರುತ್ತದೆ. ಅದನ್ನು ಹಾಗೇ ಬಿಟ್ಟು ಪಟ್ಟಿ ಹಾಕಿದರೆ ಅಲೆಯೂ ಪಟ್ಟಿಯ ಜೊತೆಗೇ ಕಾಯಂ ಆಗುತ್ತದೆ, ಆಮೇಲೆ ಎಷ್ಟು ಇಸ್ತ್ರಿ ಮಾಡಿದರೂ ಹೋಗುವುದಿಲ್ಲ.

ನೆಲದ ಮೇಲೆ ಹರವಿ, ಅಂಗೈಯಿಂದ ನಡುವಿನಿಂದ ಹೊರಕ್ಕೆ ಸವರಿ ಸುಕ್ಕು ಬಿಡಿಸಿ. ಅಗಲವನ್ನು ಮೂರು ಕಡೆ ಅಳೆಯಿರಿ: ಎರಡು ತುದಿ ಮತ್ತು ನಡು. ನಡುವಿನ ಅಳತೆಯನ್ನೇ ನಂಬಿ. ಉದ್ದಕ್ಕೂ ಹಾಗೇ. ಆಮೇಲೆ ಮೂಲೆಯಿಂದ ಮೂಲೆಗೆ ಎರಡೂ ಓರೆ ಅಳತೆ ತೆಗೆಯಿರಿ. ಎರಡರ ನಡುವೆ ಅರ್ಧ ಇಂಚಿನ ವ್ಯತ್ಯಾಸವಿದ್ದರೆ ಚಿಂತೆಯಿಲ್ಲ. ಎರಡು ಇಂಚಿದ್ದರೆ ಕೌದಿ ಓರೆಯಾಗಿದೆ ಎಂದರ್ಥ. ಉದ್ದನೆಯ ಮರದ ಸ್ಕೇಲು ಎಲ್ಲರ ಮನೆಯಲ್ಲಿ ಇರುವುದಿಲ್ಲ. ನೆಲಕ್ಕೆ ಟೈಲ್ಸ್ ಇದ್ದರೆ ಅದರ ಗೆರೆಯೇ ನಿಮ್ಮ ಸ್ಕೇಲು, ಮೂಲೆಮಟ್ಟವೂ ಅದೇ.

ಟೇಲರ್ ಚಾಕಿನಿಂದ ಗೆರೆ ಎಳೆದ ತಕ್ಷಣ ಕತ್ತರಿ ಹಾಕಬೇಡಿ. ಗೆರೆಯಿಂದ ಕಾಲಿಂಚು ಒಳಗೆ ದಪ್ಪ ದಾರದಲ್ಲಿ ಸುತ್ತಲೂ ಒಂದು ಕಚ್ಚಾ ಹೊಲಿಗೆ ಹಾಕಿ, ಆಮೇಲೆ ಗೆರೆಯ ಮೇಲೆ ಕತ್ತರಿಸಿ. ಪದರಗಳು ಜಾರದಂತೆ ಈ ಹೊಲಿಗೆ ಹಿಡಿದಿಡುತ್ತದೆ. ಅಂಚು ನಡುವಿಗಿಂತ ಉದ್ದವಾಗಿದ್ದರೆ ಇದೇ ದಾರವನ್ನು ಮೆಲ್ಲಗೆ ಎಳೆದು, ನಡುವಿನ ಅಳತೆಗೆ ಬರುವಷ್ಟು ಕುಗ್ಗಿಸಿ ಗಂಟು ಹಾಕಬಹುದು. ಹೊಲಿಗೆ ಪಟ್ಟಿಯೊಳಗೆ ಮುಚ್ಚಿಹೋಗುವುದರಿಂದ ಬಿಚ್ಚುವ ಕೆಲಸವಿಲ್ಲ.

ಒಳಮಡಿಕೆ, ಅಡಿಬಟ್ಟೆ, ಬೇರೆ ಪಟ್ಟಿ

ಅಂಚು ಮುಚ್ಚುವುದಕ್ಕೆ ಮೂರು ದಾರಿ. ಮೊದಲನೆಯದು ಒಳಮಡಿಕೆ. ನಡುವಿನ ಪದರಗಳನ್ನು ಅರ್ಧ ಇಂಚು ಕಡಿಮೆ ಮಾಡಿ ಕತ್ತರಿಸಿ, ಮೇಲುಬಟ್ಟೆ ಅಡಿಬಟ್ಟೆ ಎರಡನ್ನೂ ಒಳಕ್ಕೆ ಮಡಚಿ ಬಾಯಿ ಕೂಡಿಸಿ ಹೊಲಿಯುವುದು. ಚೆಂದವಾಗಿ ಕಾಣುತ್ತದೆ, ಹೆಚ್ಚಿನ ಬಟ್ಟೆ ಬೇಡ. ಗೋಡೆಗೆ ತೂಗುಹಾಕುವುದಕ್ಕೆ, ಕುಶನ್ನಿಗೆ ಸರಿ. ದಿನಾ ಹೊದೆಯುವುದಕ್ಕೆ ನಾನು ಹೇಳುವುದಿಲ್ಲ, ಸವೆತ ನೇರವಾಗಿ ಕೌದಿಗೇ ತಾಗುತ್ತದೆ.

ಎರಡನೆಯದು ಅಡಿಬಟ್ಟೆಯನ್ನೇ ಮೇಲಕ್ಕೆ ತರುವುದು. ನಮ್ಮ ಕಡೆಯ ಅನೇಕ ಮನೆಯ ಕೌದಿಗಳ ಅಂಚು ಇದೇ ರೀತಿಯದು. ಅಡಿಬಟ್ಟೆ ಸುತ್ತಲೂ ಒಂದೂವರೆ ಇಂಚು ಹೊರಗೆ ಉಳಿಯುವಂತೆ ಬಿಡಿ. ಮೂಲೆಯಲ್ಲಿ ಮೊದಲು ಅಡಿಬಟ್ಟೆಯ ತುದಿಯನ್ನು ಓರೆಯಾಗಿ ಮಡಚಿ ಕೌದಿಯ ಮೂಲೆಯ ಮೇಲೆ ತನ್ನಿ. ತುದಿ ತೀರಾ ಉದ್ದವಾದರೆ ಅರ್ಧ ಕತ್ತರಿಸಿ. ಆಮೇಲೆ ಎರಡೂ ಬದಿಯ ಬಟ್ಟೆಯನ್ನು ಒಂದು ಮಡಿಕೆ ಕೌದಿಯ ಅಂಚಿಗೆ ತಂದು, ಇನ್ನೊಂದು ಮಡಿಕೆ ಮೇಲುಬಟ್ಟೆಯ ಮೇಲೆ ಹಾಕಿದರೆ ಎರಡೂ ಕಡೆಯ ಪಟ್ಟಿ ಮೂಲೆಯಲ್ಲಿ ಓರೆ ಗೆರೆಯಾಗಿ ಸೇರುತ್ತವೆ. ಕೆಲಸ ಬೇಗ ಆಗುತ್ತದೆ. ಅಡಿಗೆ ಹೊಸ ಬಟ್ಟೆ ಹಾಕಿದ್ದರೆ ಇದು ಸಾಕು. ಅಡಿಗೂ ಹಳೆಯ ಸೀರೆಯನ್ನೇ ಹಾಕಿದ್ದರೆ ಬೇಡ: ಅಂಚಿನಲ್ಲಿ ಇರುವುದು ಒಂದೇ ಪದರ, ಅದು ಹರಿದರೆ ಅಡಿಬಟ್ಟೆಯೇ ಹರಿದಂತೆ.

ಮೂರನೆಯದು ಬೇರೆ ಬಟ್ಟೆಯ ಪಟ್ಟಿಯನ್ನು ಜೋಡಿ ಮಡಿಕೆ ಮಾಡಿ, ಅಂದರೆ ಉದ್ದಕ್ಕೆ ಎರಡಾಗಿ ಮಡಚಿ, ಸುತ್ತಲೂ ಹೊಲಿಯುವುದು. ಶ್ರಮ ಹೆಚ್ಚು, ಬಾಳಿಕೆಯೂ ಹೆಚ್ಚು. ಇನ್ನು ಮುಂದೆ ಹೇಳುವುದೆಲ್ಲ ಇದರದ್ದೇ.

ಪಟ್ಟಿಯ ಅಗಲದ ಲೆಕ್ಕ

ಎರಡೂವರೆ ಇಂಚಿನ ಪಟ್ಟಿ ಸಾಕು ಎಂಬ ಮಾತು ಎಲ್ಲ ಕಡೆ ಕೇಳಿಬರುತ್ತದೆ. ಅದು ತೆಳು ಕ್ವಿಲ್ಟಿನ ಲೆಕ್ಕ. ಐದು ಪದರದ ಕೌದಿಗೆ ಅಷ್ಟು ಅಗಲ ಹಾಕಿದರೆ ಪಟ್ಟಿ ಹಿಂಬದಿಗೆ ತಲುಪುವುದೇ ಇಲ್ಲ, ಎಳೆದು ಎಳೆದು ಹೊಲಿಯಬೇಕಾಗುತ್ತದೆ.

ಲೆಕ್ಕ ಹೀಗೆ: ಮುಂದೆ ಕಾಣಬೇಕಾದ ಅಗಲದ ಆರು ಪಟ್ಟು, ಅದಕ್ಕೆ ಕೌದಿಯ ದಪ್ಪದ ಎರಡು ಪಟ್ಟು ಕೂಡಿಸಿ. ಪಟ್ಟಿ ಜೋಡಿ ಮಡಿಕೆಯದಾದ್ದರಿಂದ ಪ್ರತಿಯೊಂದೂ ಎರಡೆರಡು ಸಲ ಬರುತ್ತದೆ. ಹೊಲಿಗೆಯೊಳಗೆ ಹೋಗುವುದು ಒಂದು ಪಾಲು, ಮುಂದೆ ಕಾಣುವುದು ಒಂದು ಪಾಲು, ಹಿಂದೆ ಮುಚ್ಚುವುದು ಒಂದು ಪಾಲು, ನಡುವೆ ದಪ್ಪವನ್ನು ಸುತ್ತಿ ಬರುವುದಕ್ಕೆ ಒಂದಷ್ಟು. ಮುಂದೆ ಅರ್ಧ ಇಂಚು ಕಾಣಬೇಕು, ಕೌದಿಯ ದಪ್ಪ ಕಾಲಿಂಚು ಎಂದಾದರೆ 3 ಇಂಚಿಗೆ ಅರ್ಧ ಸೇರಿ ಮೂರೂವರೆ ಇಂಚು ಅಗಲದ ಪಟ್ಟಿ ಬೇಕು. ಅಂಚನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ಹಿಡಿದು ದಪ್ಪ ಅಳೆಯಿರಿ. ಹೊಲಿದ ಮೇಲೆ ಅದು ಹಾಗೇ ಒತ್ತಿಕೊಂಡಿರುತ್ತದೆ.

ಉದ್ದಕ್ಕೆ ಸುತ್ತಳತೆಯ ಮೇಲೆ 12 ಇಂಚು ಹೆಚ್ಚಿಗೆ ಇರಲಿ. ಐದಡಿ ಅಗಲ, ಏಳಡಿ ಉದ್ದದ ಕೌದಿಯ ಸುತ್ತಳತೆ 288 ಇಂಚು. ಪಟ್ಟಿ 300 ಇಂಚು ಬೇಕು. ಅಂಗಡಿಯಲ್ಲಿ 44 ಇಂಚು ಪನ್ನದ (ಅಗಲದ) ಕಾಟನ್ ಬಟ್ಟೆ ತಂದು ಅಡ್ಡಕ್ಕೆ ಕತ್ತರಿಸುವುದಾದರೆ ಎಂಟು ಪಟ್ಟಿ, ಅಂದರೆ 28 ಇಂಚು ಬಟ್ಟೆ. ಒಗೆದಾಗ ಸ್ವಲ್ಪ ಕುಗ್ಗುವುದರಿಂದ 80 ಸೆಂಟಿಮೀಟರ್ ಕೇಳಿ.

ಬಟ್ಟೆ: ಸೀರೆಯನ್ನು ಉದ್ದಕ್ಕೆ ಕತ್ತರಿಸಿ

ಎಂಟು ಪಟ್ಟಿ ಎಂದರೆ ಏಳು ಜೋಡು, ಅಂದರೆ ಏಳು ಕಡೆ ತುದಿಗೆ ತುದಿ ಕೂಡಿಸಿದ ಹೊಲಿಗೆ. ಪ್ರತಿ ಜೋಡಿನಲ್ಲೂ ಒಂದು ಗಂಟು, ಪ್ರತಿ ಗಂಟಲ್ಲೂ ಸೂಜಿ ಮುರಿಯುವ ಸಾಧ್ಯತೆ. ಅದಕ್ಕೇ ನನಗೆ ಹಿಡಿಸುವುದು ಹತ್ತಿ ಸೀರೆಯನ್ನು ಉದ್ದಕ್ಕೆ ಕತ್ತರಿಸಿದ ಪಟ್ಟಿ. ಆರು ಗಜದ ಸೀರೆಯಲ್ಲಿ ಒಂದು ಪಟ್ಟಿ 216 ಇಂಚು ಸಿಗುತ್ತದೆ. ಎರಡು ಪಟ್ಟಿ, ನಡುವೆ ಒಂದೇ ಜೋಡು. ಅಜ್ಜಿಯ ಕಾಲದ ಒಂಬತ್ತು ಗಜದ ಸೀರೆ ಮನೆಯಲ್ಲಿದ್ದರೆ 324 ಇಂಚು, ಜೋಡೇ ಬೇಡ. ಇಳಕಲ್ಲಿನದಾದರೆ ಟೋಪಿ ತೆನೆ ವಿನ್ಯಾಸದ ಸೆರಗಿನ ಭಾಗ ರೇಷ್ಮೆಯದು, ಕೊಂಡಿ ಹಾಕಿ ಕೂಡಿಸಿದ್ದು. ಅದನ್ನು ಬಿಟ್ಟು ಒಡಲಿನಿಂದ ಮಾತ್ರ ತೆಗೆಯಿರಿ. ಸೆರಗು ಕಳೆದ ಮೇಲೆ ಸ್ವಲ್ಪ ಕಡಿಮೆ ಬಿದ್ದರೆ ಒಂದು ಜೋಡಿನಲ್ಲಿ ಮುಗಿಯುತ್ತದೆ. ಇನ್ನೊಂದು ಲಾಭವೆಂದರೆ ನೇಯ್ಗೆಯ ಉದ್ದದ ಎಳೆ ಅಡ್ಡದ ಎಳೆಗಿಂತ ಕಡಿಮೆ ಜಗ್ಗುತ್ತದೆ, ಅಂಚು ನೇರ ನಿಲ್ಲುತ್ತದೆ.

ಸೀರೆ ಹಳೆಯದೇ ಇರಬಹುದು, ಜೀರ್ಣವಾಗಿರಬಾರದು. ಬೆಳಕಿಗೆ ಹಿಡಿದು ನೋಡಿ, ತೆಳುವಾದ ಕಡೆ ಬೆಳಕು ಹೆಚ್ಚು ತೂರುತ್ತದೆ. ಎರಡೂ ಹೆಬ್ಬೆರಳು ಹತ್ತಿರ ಹತ್ತಿರ ಇಟ್ಟು ಬಿಗಿಯಾಗಿ ಎಳೆಯಿರಿ. ಚರ್ರೆಂದರೆ ಅದನ್ನು ಕೌದಿಯ ಒಳಪದರಕ್ಕೆ ಹಾಕಿ, ಅಂಚಿಗೆ ಬೇಡ. ಪಟ್ಟಿಯನ್ನು ಹರಿದು ತೆಗೆಯುವ ಅಭ್ಯಾಸ ಕೆಲವರಿಗೆ ಇದೆ. ಹೊಸ ಬಟ್ಟೆಗೆ ಅದು ನಡೆಯುತ್ತದೆ. ಹಳೆಯದರಲ್ಲಿ ಎಳೆ ಕಿತ್ತು ಬದಿ ನಿಸ್ಸತ್ವವಾಗುತ್ತದೆ. ಗೆರೆ ಎಳೆದು ಕತ್ತರಿಯಲ್ಲೇ ಕತ್ತರಿಸಿ.

ಬಣ್ಣ ಬಿಡುತ್ತದೆಯೇ ಎಂದು ನೋಡಲೇಬೇಕು, ಕೆಂಪು ಮತ್ತು ಕಡುನೀಲಿಯ ಮೇಲೆ ವಿಶೇಷ ಗುಮಾನಿ ಇರಲಿ. ಒಂದು ಮೂಲೆಯನ್ನು ಬಿಸಿನೀರಲ್ಲಿ ಅದ್ದಿ, ಬಿಳಿ ಬಟ್ಟೆಯ ಮೇಲಿಟ್ಟು ಇಸ್ತ್ರಿಪೆಟ್ಟಿಗೆ ಒತ್ತಿ. ಕಲೆ ಬಿದ್ದರೆ ಆ ಬಟ್ಟೆ ಬೇಡ. ಉಪ್ಪುನೀರಿನಲ್ಲಿ ನೆನೆಸಿಟ್ಟರೆ ಬಣ್ಣ ನಿಲ್ಲುತ್ತದೆ ಎನ್ನುವ ಮಾತನ್ನು ನೆಚ್ಚಿಕೊಂಡು ಬಿಳಿ ಧೋತರದ ಕೌದಿಗೆ ಕೆಂಪು ಪಟ್ಟಿ ಹಾಕಬೇಡಿ.

ಫ್ಯಾನ್ಸಿ ಸ್ಟೋರಿನಲ್ಲಿ ಸಿಗುವ ಸೀರೆಯ ಫಾಲ್ ಸುಮಾರು ಐದು ಇಂಚು ಅಗಲದ್ದು, ಎಲ್ಲ ಬಣ್ಣದಲ್ಲೂ ಇರುತ್ತದೆ, ಕತ್ತರಿಸುವ ಕೆಲಸವಿಲ್ಲ ಎಂದು ಆಸೆ ಹುಟ್ಟಿಸುತ್ತದೆ. ಗಂಜಿ ಹೋದ ಮೇಲೆ ಅದರ ನಿಜವಾದ ತೆಳುವು ಗೊತ್ತಾಗುತ್ತದೆ. ಪುಟ್ಟ ಕೂಸಿನ ಕೌದಿಗೆ, ಅದೂ ಒಗೆದು ಕುಗ್ಗಿಸಿದ ಮೇಲೆ, ಆಗಬಹುದು.

ಇಳಕಲ್ ಸೀರೆಯ ದಡಿಯನ್ನೇ (ಸೀರೆಯ ಅಂಚನ್ನೇ) ಪಟ್ಟಿ ಮಾಡಬಾರದೇ ಎಂದರೆ, ಮಾಡಬಹುದು. ಚಿಕ್ಕಿ ಪರಾಸ್ ವಿನ್ಯಾಸದ ದಡಿ ಕೌದಿಯ ಸುತ್ತ ಬಂದರೆ ಅದರ ಕಳೆಯೇ ಬೇರೆ. ಆದರೆ ದಡಿ ದಪ್ಪ, ನುಣುಪು. ಹತ್ತಿಯ ಜೊತೆ ಮಡಿಕೆಗೆ ಬಗ್ಗುವುದಿಲ್ಲ. ಜೋಡಿ ಮಡಿಕೆ ಮಾಡದೆ ಒಂಟಿಯಾಗಿಯೇ ಹಾಕಿ: ಕತ್ತರಿಸಿದ ಬದಿ ಹೊಲಿಗೆಯೊಳಗೆ ಹೋಗಲಿ, ಮಗ್ಗದಲ್ಲೇ ಕಟ್ಟಿಬಂದ ಬದಿ ಹಿಂದೆ ಹೆಮ್ಮಿಂಗಿಗೆ (ಕೊನೆಯ ಕೈಹೊಲಿಗೆಗೆ) ಬರಲಿ, ಅದಕ್ಕೆ ಮಡಿಕೆಯೇ ಬೇಕಿಲ್ಲ. ಅಗಲವಾದ ದಡಿಯಾದರೆ ಅದನ್ನು ಕೌದಿಯ ಮೇಲುಬಟ್ಟೆಗೇ ಮೊದಲು ಹೊಲಿದು, ಅಂಚಿಗೆ ಸಾದಾ ಹತ್ತಿಯ ಪಟ್ಟಿ ಹಾಕುವುದು ಜಾಣತನ. ಅಷ್ಟು ಒಳ್ಳೆಯ ದಡಿಯನ್ನು ಸವೆಯುವ ಜಾಗದಲ್ಲಿ ಯಾಕೆ ಇಡಬೇಕು?

ಪಟ್ಟಿ ಕೂಡಿಸಿ ಹೊಲಿಯುವುದು

ಜೋಡು ಇದ್ದರೆ ಓರೆಯಾಗಿಯೇ ಕೂಡಿಸಿ. ಎರಡು ಪಟ್ಟಿಯ ತುದಿಗಳನ್ನು ಒಳಮೈ ಹೊರಗಿರುವಂತೆ ಒಂದರ ಮೇಲೊಂದು ಅಡ್ಡಲಾಗಿ, ಕೂಡುಗುರುತಿನಂತೆ ಅಲ್ಲದೆ ಎಲ್ ಆಕಾರದಲ್ಲಿ ಇಟ್ಟು, ಮೂಲೆಯಿಂದ ಮೂಲೆಗೆ ಓರೆ ಹೊಲಿಗೆ ಹಾಕಿ. ಹೊಲಿಗೆಯಾಚೆ ಕಾಲಿಂಚು ಉಳಿಸಿ ಮಿಕ್ಕಿದ್ದು ಕತ್ತರಿಸಿ, ಎರಡೂ ಕಡೆಗೆ ಬಿಡಿಸಿ ಇಸ್ತ್ರಿ ಮಾಡಿ. ನೇರ ಜೋಡಿನಲ್ಲಿ ಗಂಟೆಲ್ಲ ಒಂದೇ ಜಾಗದಲ್ಲಿ ಕೂಡಿಬೀಳುತ್ತದೆ, ಓರೆಯಲ್ಲಿ ಅದು ಹಂಚಿಹೋಗುತ್ತದೆ. ಇಡೀ ಪಟ್ಟಿಯನ್ನು ಒಳಮೈ ಒಳಗಿರುವಂತೆ ಉದ್ದಕ್ಕೆ ಎರಡಾಗಿ ಮಡಚಿ ಇಸ್ತ್ರಿ ಹಾಕಿದರೆ ಪಟ್ಟಿ ಸಿದ್ಧ.

ಕೌದಿಯ ಮೇಲ್ಮೈಯಲ್ಲಿ, ಒಂದು ಉದ್ದದ ಬದಿಯ ನಡುವಿನಿಂದ ಶುರು ಮಾಡಿ. ಮೂಲೆಯ ಹತ್ತಿರದಿಂದ ಎಂದೂ ಬೇಡ. ಪಟ್ಟಿಯ ಬಿಚ್ಚು ಬದಿಗಳು ಕೌದಿಯ ಅಂಚಿಗೆ ಸರಿಯಾಗಿ ಕೂರಲಿ, ಮಡಿಕೆ ಒಳಮುಖವಾಗಿರಲಿ. ಮೊದಲ ಹತ್ತು ಇಂಚು ಪಟ್ಟಿಯನ್ನು ಹೊಲಿಯದೆ ಬಾಲದಂತೆ ಬಿಟ್ಟು, ಅಂಚಿನಿಂದ ಅರ್ಧ ಇಂಚು ಒಳಗೆ ಹೊಲಿಯುತ್ತ ಹೋಗಿ. ಮಷೀನಿಗೆ 16 ಅಥವಾ 18 ನಂಬರಿನ ಸೂಜಿ, ಹೊಲಿಗೆಯ ಉದ್ದ 3ರಿಂದ 3.5 ಮಿಲಿಮೀಟರ್. ಕೌದಿಯ ಭಾರ ಕೆಳಗೆ ಜೋತುಬಿದ್ದರೆ ಹೊಲಿಗೆ ಸೊಟ್ಟಗಾಗುತ್ತದೆ. ಪಕ್ಕದಲ್ಲಿ ಒಂದು ಕುರ್ಚಿ ಇಟ್ಟು ಅದರ ಮೇಲೆ ಹೊರಿಸಿ. ಪಟ್ಟಿಯನ್ನು ಎಳೆಯಬೇಡಿ. ಸುಮ್ಮನೆ ಹಾಸಿದಂತೆ ಇರಲಿ. ಎಳೆದು ಹೊಲಿದ ಪಟ್ಟಿ ಹೊಲಿದ ಮೇಲೆ ಹಿಂದಕ್ಕೆ ಕುಗ್ಗಿ ಇಡೀ ಅಂಚನ್ನು ಸುರುಟಿಸುತ್ತದೆ.

ಮಷೀನು ತಳ್ಳಲಾರದಷ್ಟು ದಪ್ಪವಿದ್ದರೆ ಕೈಯಲ್ಲೇ ಹೊಲಿಯಿರಿ. ಆದರೆ ಸಾಲು ಹೊಲಿಗೆ ಇಲ್ಲಿ ಸಾಲದು. ಒಂದು ಹೆಜ್ಜೆ ಹಿಂದೆ ಚುಚ್ಚಿ ಎರಡು ಹೆಜ್ಜೆ ಮುಂದೆ ತೆಗೆಯುವ ಹೊಲಿಗೆ ಬೇಕು.

ಮೂಲೆ

ಎಲ್ಲರೂ ಹೆದರುವುದು ಇಲ್ಲಿಗೇ. ಕೆಲಸ ಒಂದು ನಿಮಿಷದ್ದು. ಹೊಲಿಯುತ್ತ ಮೂಲೆ ಹತ್ತಿರ ಬಂದಾಗ, ಮುಂದಿನ ಅಂಚಿಗೆ ಇನ್ನೂ ಅರ್ಧ ಇಂಚು ಇರುವಲ್ಲಿ ನಿಲ್ಲಿಸಿ. ಈ ಅರ್ಧ ಇಂಚು ನಿಮ್ಮ ಹೊಲಿಗೆ ಅಂಚಿನಿಂದ ಎಷ್ಟು ಒಳಗಿದೆಯೋ ಅಷ್ಟೇ ಇರಬೇಕು; ಹೆಚ್ಚಾದರೆ ಮೂಲೆ ಮೊಂಡಾಗುತ್ತದೆ, ಕಡಿಮೆಯಾದರೆ ಮಡಿಕೆ ತಿರುಗುವುದೇ ಇಲ್ಲ. ಮೊದಲೇ ಅಲ್ಲೊಂದು ಪಿನ್ನು ಚುಚ್ಚಿಟ್ಟುಕೊಂಡರೆ ಅಂದಾಜಿನ ಕೆಲಸ ತಪ್ಪುತ್ತದೆ. ಎರಡು ಹೊಲಿಗೆ ಹಿಂದಕ್ಕೆ ಹಾಕಿ, ದಾರ ಕತ್ತರಿಸಿ, ಕೌದಿಯನ್ನು ಮಷೀನಿನಿಂದ ಹೊರತೆಗೆಯಿರಿ.

ಈಗ ಕೌದಿಯನ್ನು ಎಡಕ್ಕೆ ತಿರುಗಿಸಿ, ಹೊಲಿಯಬೇಕಾದ ಹೊಸ ಬದಿ ನಿಮ್ಮ ಬಲಗೈ ಕಡೆ ಬರಲಿ. ಪಟ್ಟಿಯನ್ನು ನೇರ ಮೇಲಕ್ಕೆ, ನಿಮ್ಮಿಂದ ದೂರಕ್ಕೆ ಎತ್ತಿ ಮಡಚಿ. ಅದು ಹೊಸ ಬದಿಯ ನೇರಕ್ಕೆ ಮುಂದುವರಿದಂತೆ ನಿಲ್ಲುತ್ತದೆ, ಮೂಲೆಯಲ್ಲಿ ಓರೆ ಮಡಿಕೆಯೊಂದು ಬೀಳುತ್ತದೆ. ಆ ಮಡಿಕೆಯನ್ನು ಬೆರಳಲ್ಲಿ ಅದುಮಿ ಹಿಡಿದುಕೊಂಡೇ ಪಟ್ಟಿಯನ್ನು ಮತ್ತೆ ಕೆಳಕ್ಕೆ, ಹೊಸ ಬದಿಯ ಗುಂಟ ಇಳಿಸಿ. ಮೇಲೆ ಬಿದ್ದ ಈ ಎರಡನೆಯ ಮಡಿಕೆ ಈಗಷ್ಟೇ ಹೊಲಿದು ಮುಗಿಸಿದ ಅಂಚಿಗೆ ಸರಿಸಮವಾಗಿರಬೇಕು, ಒಂದು ಎಳೆಯೂ ಆಚೆ ಈಚೆ ಆಗಬಾರದು. ಪಿನ್ನು ಹಾಕಿ, ಆ ಮೇಲಿನ ಅಂಚಿನಿಂದಲೇ ಹೊಲಿಗೆ ಶುರು ಮಾಡಿ. ಒಳಗೆ ಉಳಿದ ಪುಟ್ಟ ತ್ರಿಕೋನದ ಬಟ್ಟೆಯೇ ಪಟ್ಟಿಯನ್ನು ತಿರುವಿದಾಗ ಬಿಚ್ಚಿಕೊಂಡು ಮೂಲೆಯ ಓರೆ ಗೆರೆಯಾಗುತ್ತದೆ. ಬಟ್ಟೆ ಹೆಚ್ಚಾಯಿತೆಂದು ಅದನ್ನು ಕತ್ತರಿಸಬೇಡಿ.

ಆರಂಭ ಮತ್ತು ಕೊನೆ ಸೇರುವಲ್ಲಿ

ಸುತ್ತಿ ಬಂದು, ಶುರು ಮಾಡಿದ ಜಾಗಕ್ಕೆ ಹದಿನೈದು ಇಂಚು ಇರುವಾಗ ನಿಲ್ಲಿಸಿ. ಎರಡೂ ಬಾಲಗಳನ್ನು ಅಂಚಿನ ಗುಂಟ ಹಾಸಿ, ಒಂದರ ಮೇಲೊಂದು ಪಟ್ಟಿಯ ಬಿಚ್ಚಿದ ಅಗಲದಷ್ಟು, ಅಂದರೆ ಮೂರೂವರೆ ಇಂಚು ಏರುವಂತೆ ಕತ್ತರಿಸಿ. ಮಡಿಕೆ ಬಿಡಿಸಿ, ಮೊದಲಿನಂತೆಯೇ ಎಲ್ ಆಕಾರದಲ್ಲಿ ಇಟ್ಟು ಓರೆ ಹೊಲಿಗೆ. ಹೆಚ್ಚಿನದನ್ನು ಕತ್ತರಿಸುವ ಮೊದಲು ಒಮ್ಮೆ ಅಂಚಿಗೆ ಹಾಸಿ ನೋಡಿ. ತಿರುಚಿಕೊಂಡಿದ್ದರೆ ಬಿಚ್ಚಲು ಇನ್ನೂ ಅವಕಾಶವಿರುತ್ತದೆ. ಇದು ರಗಳೆ ಎನಿಸಿದರೆ ಸುಲಭದ ದಾರಿಯೂ ಇದೆ: ಶುರುವಿನ ತುದಿಯನ್ನು ಮೊದಲೇ ಓರೆಯಾಗಿ ಒಳಕ್ಕೆ ಮಡಚಿಟ್ಟು, ಕೊನೆಯ ತುದಿಯನ್ನು ಅದರ ಹೊಟ್ಟೆಯೊಳಗೆ ತೂರಿಸಿ ಹೊಲಿಯುವುದು. ಆ ಜಾಗ ಸ್ವಲ್ಪ ದಪ್ಪಗಾಗುತ್ತದೆ, ಅಷ್ಟೇ. ಈ ದಾರಿ ಹಿಡಿದರೆ ಉದ್ದದ ಬದಿಯ ಬದಲು ಕಾಲಿನ ಕಡೆಯ ಬದಿಯ ನಡುವಿನಿಂದ ಶುರು ಮಾಡಿ.

ಹಿಂಬದಿಯ ಹೆಮ್ಮಿಂಗ್

ಪಟ್ಟಿಯನ್ನು ಹಿಂದಕ್ಕೆ ತಿರುವಿ, ಮಷೀನ್ ಹೊಲಿಗೆಯ ಸಾಲು ಮುಚ್ಚುವಂತೆ ಕೂರಿಸಿ. ಮೊಳದುದ್ದ ದಾರ ಸಾಕು, ಒಂದೆಳೆ. ಉದ್ದವಾದಷ್ಟೂ ಗಂಟು ಬೀಳುತ್ತದೆ, ಬಟ್ಟೆಗೆ ಉಜ್ಜಿ ಸವೆಯುತ್ತದೆ. ದಾರವನ್ನು ಜೇನುಮೇಣದ ಮೇಲೆ ಒಮ್ಮೆ ಎಳೆದುಕೊಂಡರೆ ಸಿಕ್ಕಾಗುವುದಿಲ್ಲ. ದಾರದ ಬಣ್ಣ ಅಡಿಬಟ್ಟೆಗಲ್ಲ, ಪಟ್ಟಿಗೆ ಹೊಂದಬೇಕು. ಸೂಜಿ ಅಡಿಬಟ್ಟೆಯನ್ನೂ ಅದರ ಕೆಳಗಿನ ಪದರವನ್ನೂ ಕಚ್ಚಿ, ಪಟ್ಟಿಯ ಮಡಿಕೆಯ ತುದಿಯಲ್ಲಿ ಹೊರಬರಲಿ. ಮುಂದಿನ ಚುಚ್ಚು ಬಂದ ಜಾಗದ ಎದುರಿಗೇ ಹಾಕಿ, ಒಳಗಿಂದೊಳಗೇ ಕಾಲಿಂಚು ಸಾಗಿ. ದಾರದ ಉದ್ದವೆಲ್ಲ ಮರೆಯಲ್ಲಿ ಉಳಿಯುತ್ತದೆ, ಹೊರಗೆ ಕಾಣುವುದು ಚುಕ್ಕಿಯಷ್ಟೇ. ಗೇಣಿಗೊಮ್ಮೆ ಅಲ್ಲೇ ಎರಡು ಸಲ ಚುಚ್ಚಿ ಗಟ್ಟಿ ಮಾಡಿ. ಎಂದಾದರೂ ದಾರ ಹರಿದರೆ ಅಷ್ಟು ಭಾಗ ಮಾತ್ರ ಬಿಚ್ಚುತ್ತದೆ.

ಹಿಂಬದಿಯ ಮೂಲೆಯಲ್ಲಿ ಒಂದು ಬದಿಯನ್ನು ಮೊದಲು ಮಡಚಿ, ಇನ್ನೊಂದನ್ನು ಅದರ ಮೇಲೆ ತನ್ನಿ. ಯಾವುದನ್ನು ಮೊದಲು ಎಂದರೆ, ಮುಂಬದಿಯಲ್ಲಿ ತ್ರಿಕೋನ ಬಿದ್ದ ದಿಕ್ಕಿಗೆ ಎದುರಾಗಿ. ಆಗ ದಪ್ಪ ಎರಡೂ ಮೈಗೆ ಹಂಚಿಹೋಗುತ್ತದೆ. ಓರೆ ಗೆರೆಯ ಮೇಲೂ ಮೂರು ನಾಲ್ಕು ಹೊಲಿಗೆ ಹಾಕಿ, ಕೂಸಿನ ಬೆರಳು ಸಿಕ್ಕಿಕೊಳ್ಳುವುದು ಅಲ್ಲಿಯೇ.

ಎಲ್ಲವನ್ನೂ ಮಷೀನಿನಲ್ಲೇ ಮುಗಿಸಬೇಕೆಂದರೆ ಕ್ರಮ ತಿರುಗಿಸಿ: ಮೊದಲ ಹೊಲಿಗೆ ಹಿಂಬದಿಗೆ, ಪಟ್ಟಿಯನ್ನು ಮುಂದಕ್ಕೆ ತಂದು ಮೇಲಿಂದ ಎರಡನೆಯ ಹೊಲಿಗೆ. ಕಣ್ಣಿಗೆ ಕಾಣುವ ಹೊಲಿಗೆ ನಿಮ್ಮ ಮುಂದೆಯೇ ಇರುತ್ತದೆ. ಹಾಸ್ಟೆಲಿಗೆ ಹೋಗುವ ಕೌದಿಗೆ, ವಾಷಿಂಗ್ ಮಷೀನಿನಲ್ಲಿ ತಿರುಗುವ ಕೌದಿಗೆ ಇದೇ ಒಳ್ಳೆಯದು.

ದುಂಡು ಮೂಲೆಗೆ ಕ್ರಾಸ್ ಪಟ್ಟಿ

ಮೂಲೆ ದುಂಡಗಿದ್ದರೆ ನೇರ ಪಟ್ಟಿ ತಿರುಗುವುದಿಲ್ಲ, ಟೇಲರುಗಳು ಹೇಳುವ ಕ್ರಾಸ್ ಪಟ್ಟಿ ಬೇಕು. ಬಟ್ಟೆಯ ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸಿದ್ದು. ಬಾಳಿಕೆಯಲ್ಲೂ ಇದು ಮೇಲು, ಯಾಕೆಂದರೆ ಮಡಿಕೆಯ ತುದಿಯ ಗುಂಟ ಒಂದೇ ಎಳೆ ಓಡದೆ ನೂರಾರು ಎಳೆಗಳು ಅಡ್ಡ ಹಾಯುತ್ತವೆ. ಜೋಡು ಹೆಚ್ಚು, ಜಗ್ಗುವ ಗುಣವೂ ಹೆಚ್ಚು ಎಂಬುದೇ ತೊಂದರೆ. ಮೇಲಿನ ಅಳತೆಯ ಕೌದಿಗೆ ಒಂದು ಗಜದ ಚೌಕ ಬಟ್ಟೆ ಸಾಕು. ತಿರುವಿನಲ್ಲಿ ಪಟ್ಟಿಯನ್ನು ಎಳೆಯದೆ ಸ್ವಲ್ಪ ಒಳಕ್ಕೆ ನೂಕುತ್ತ ಹೊಲಿಯಿರಿ; ಹಿಂದಕ್ಕೆ ತಿರುವಿದಾಗ ಹೊರಗಿನ ಸುತ್ತು ದೊಡ್ಡದಾಗುತ್ತದಲ್ಲ, ಅದಕ್ಕೆ ಬಟ್ಟೆ ಬೇಕು.

ಮೂಲೆಯ ಮಾತು ಬಂದಾಗ ಉತ್ತರ ಕನ್ನಡದ ಸಿದ್ದಿ ಹೆಂಗಸರ ಕವಂದ್ ನೆನಪಾಗದೆ ಇರುವುದಿಲ್ಲ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಈ ಕೌದಿಗಳಲ್ಲಿ ಅಂಚು ಕೊನೆಯ ಕೆಲಸವಲ್ಲ, ಮೊದಲನೆಯದು. ಮೂಲೆಯಿಂದ ಶುರುಮಾಡಿ ಅಂಚಿನ ಗುಂಟ ತುಂಡುಗಳನ್ನು ಕೂಡಿಸುತ್ತ, ಸುತ್ತು ಸುತ್ತಾಗಿ ಒಳಕ್ಕೆ ಬಂದು ನಡುವಿನಲ್ಲಿ ಮುಗಿಸುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆಯನ್ನು ಪದರ ಪದರವಾಗಿ ತ್ರಿಕೋನ ಮಡಚಿ ಹೊಲಿದ ಫುಲಾ ಇರಬೇಕು. ಫುಲಾ ಇಲ್ಲದ ಕವಂದ್ ಬತ್ತಲೆ ಎಂದೇ ಅವರ ಲೆಕ್ಕ. ನಿಮ್ಮ ಕೌದಿಗೂ ಹಾಕುವ ಮನಸ್ಸಿದ್ದರೆ, ಅಂಗೈಯಗಲದ ಚೌಕ ತುಂಡನ್ನು ಎರಡು ಸಲ ಓರೆ ಮಡಚಿ, ಅಂಚುಪಟ್ಟಿ ಹೊಲಿಯುವ ಮೊದಲೇ ಮೂಲೆಗೆ ಪಿನ್ನು ಮಾಡಿಕೊಳ್ಳಿ. ಬಿಚ್ಚು ಬದಿ ಪಟ್ಟಿಯೊಳಗೆ ಸಿಕ್ಕಿಕೊಳ್ಳುತ್ತದೆ.

ಸವೆದಾಗ

ತಲೆಯ ಕಡೆಯ ಪಟ್ಟಿ ಮೊದಲು ಹೋಗುತ್ತದೆ. ನಾಲ್ಕೂ ಬದಿ ಬಿಚ್ಚುವ ಅಗತ್ಯವಿಲ್ಲ. ಹಳೆಯ ಪಟ್ಟಿಯ ಮೇಲೆಯೇ ಅಷ್ಟು ಬದಿಗೆ ಹೊಸದನ್ನು ಹಾಕಿ, ಎರಡು ತುದಿಯನ್ನು ಒಂದಿಂಚು ಒಳಮಡಚಿ ಮೂಲೆಯಲ್ಲಿ ಮುಗಿಸಿ. ಅಡಿಯಲ್ಲಿ ಹಳೆಯ ಪಟ್ಟಿಯ ದಪ್ಪ ಸೇರಿರುವುದರಿಂದ ಅಂಚನ್ನು ಮತ್ತೆ ಒತ್ತಿ ಅಳೆದು ಲೆಕ್ಕ ಹಾಕಿ. ಸಾಮಾನ್ಯವಾಗಿ ನಾಲ್ಕು ಇಂಚಿನ ಪಟ್ಟಿ ಬೇಕಾಗುತ್ತದೆ. ಮೊದಲ ಸಲ ಪಟ್ಟಿ ಕತ್ತರಿಸುವಾಗಲೇ ಅದೇ ಬಟ್ಟೆಯಲ್ಲಿ ಇನ್ನೂ ಆರಡಿ ತೆಗೆದು, ಕೌದಿಯ ಜೊತೆಗೇ ಒಗೆದು ಒಗೆದು ಇಟ್ಟುಕೊಂಡರೆ ಬಣ್ಣವೂ ಒಂದೇ ಸಮ ಮಾಸಿರುತ್ತದೆ. ಒಣಹಾಕುವಾಗ ಅಂಚಿಗೆ ಕ್ಲಿಪ್ಪು ಹಾಕಿ ತೂಗುಬಿಡಬೇಡಿ. ಹಗ್ಗದ ಮೇಲೆ ನಡುವಿಗೆ ಬರುವಂತೆ ಹರವಿ, ಅರ್ಧ ಒಣಗಿದ ಮೇಲೆ ಮಗ್ಗುಲು ಬದಲಿಸಿ.